ತಳ ನೋಡುವವರು

ನಿನ್ನೆ ಇಡೀ ದಿನ ಫೋಟೊ ತೆಗೆಯುವುದರಲ್ಲೇ ಕಳೆಯಿತು. ಬೂದು ಬಣ್ಣದ ದೊಡ್ಡ ಕಾಗದವನ್ನು ಗೋಡೆಯಿಂದ ಮೇಜಿನ ಮೇಲೆ ಇಳಿಬಿಟ್ಟೆ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದೆ. ಒಂದೊಂದೇ ಬೋಗುಣಿ ತಂದಿಟ್ಟು, ಎದುರಿಗೆ ಕೂತು, ಸರಿಯಾದ ಬೆಳಕಿಗಾಗಿ ಕಾದೆ. ಮಣ್ಣಿನ ಪಾತ್ರೆಯ ಮೇಲೆ ಕರಗಿ ಗಾಜಾಗುವ ಲೇಪ, ಗ್ಲೇಜ್, ಅಂದರೆ ಕನ್ನಡಿಯ ಹಾಗೆ. ಕಿಟಕಿ, ಕ್ಯಾಮೆರಾ, ನನ್ನ ಮುಖ ಎಲ್ಲವೂ ಅದರಲ್ಲಿ ಬಂದು ಕೂರುತ್ತವೆ. ಬೆಳಕು ಹೋಗುವ ಹೊತ್ತಿಗೆ ನಾನೂರಕ್ಕೂ ಜಾಸ್ತಿ ಚಿತ್ರ ಆಗಿದ್ದವು. ಕಳಿಸಬೇಕಾಗಿರುವುದು ಬೆರಳೆಣಿಕೆಯಷ್ಟು.

ಜಿನೀವಾದ ಇಂಟರ್‌ನ್ಯಾಷನಲ್ ಅಕಾಡೆಮಿ ಆಫ್ ಸೆರಾಮಿಕ್ಸ್‌ಗೆ ಅರ್ಜಿ ಹಾಕುತ್ತಿದ್ದೇನೆ. ತಿಗರಿಯ ಮುಂದೆ ಕೂತು 23 ವರ್ಷ ಆಯಿತು. ಅಕಾಡೆಮಿ ಸೇರಬೇಕು ಅನ್ನುವ ಆಸೆಗೆ ಹನ್ನೆರಡು ವರ್ಷ. ಇಷ್ಟು ದಿನ ಯಾಕೆ ತಡ ಮಾಡಿದೆ ಅಂದರೆ, ಕಳಿಸಲು ಯೋಗ್ಯವಾದ ಕೆಲಸ ನನ್ನ ಹತ್ತಿರ ಇದೆ ಅಂತ ನನಗೇ ಅನ್ನಿಸಬೇಕಿತ್ತು. ಈಗ ಅನ್ನಿಸುತ್ತಿದೆ.

ಈ ಅಕಾಡೆಮಿ ಹುಟ್ಟಿದ್ದು 1952ರಲ್ಲಿ. ಕಟ್ಟಿದವರು ಹೆನ್ರಿ ರೇನೋ. ಅವತ್ತಿನಿಂದ ಇವತ್ತಿನವರೆಗೂ ಅದರ ಮನೆ ಜಿನೀವಾವೇ. ಅಲ್ಲಿನ ಅರಿಯಾನಾ ಮ್ಯೂಸಿಯಂನಲ್ಲಿ ಅದರ ಕಚೇರಿ ಇದೆ. ಕಲಾವಿದರು, ಬಳಸುವ ಪಾತ್ರೆ ಮಾಡುವವರು, ಮಣ್ಣಿನ ಕಲೆಯ ಬಗ್ಗೆ ಬರೆಯುವವರು, ಮ್ಯೂಸಿಯಂ ಕ್ಯುರೇಟರ್‌ಗಳು, ಸಂಗ್ರಾಹಕರು, ಗ್ಯಾಲರಿಯವರು ಎಲ್ಲರೂ ಸದಸ್ಯರಾಗಬಹುದು. ಮ್ಯೂಸಿಯಂಗಳು ಮತ್ತು ಶಾಲೆಗಳು ಸಂಸ್ಥೆಗಳಾಗಿಯೂ ಸೇರುತ್ತವೆ. ಆದರೆ ಹಣ ಕಟ್ಟಿದ ಕೂಡಲೇ ಸದಸ್ಯತ್ವ ಸಿಗುವುದಿಲ್ಲ. ಕೆಲಸದ ಚಿತ್ರ ಕಳಿಸಬೇಕು, ನಡೆದು ಬಂದ ದಾರಿ ಹೇಳಬೇಕು, ಈ ಕೆಲಸವನ್ನು ಯಾಕೆ ಮಾಡುತ್ತೇವೆ ಅಂತ ನಮ್ಮದೇ ಮಾತಿನಲ್ಲಿ ಬರೆಯಬೇಕು. ಅದನ್ನು ನೋಡಿ ಆಯ್ಕೆ ಮಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದಲ್ಲಿ ಎಲ್ಲರೂ ಸೇರುತ್ತಾರೆ. 2012ರಲ್ಲಿ ಸಾಂಟಾ ಫೆ, 2014ರಲ್ಲಿ ಡಬ್ಲಿನ್, 2016ರಲ್ಲಿ ಬಾರ್ಸಿಲೋನಾ, 2018ರಲ್ಲಿ ತೈಪೆ. ಎಪ್ಪತ್ತು ತುಂಬಿದ 2022ರಲ್ಲಿ ಮತ್ತೆ ಜಿನೀವಾ. 2024ರಲ್ಲಿ ಪೋರ್ಚುಗಲ್. ಸಭೆಯ ಜೊತೆಗೆ ಸದಸ್ಯರ ಕೆಲಸದ ಪ್ರದರ್ಶನವೂ ಇರುತ್ತದೆ.

ಇಷ್ಟು ವಿಷಯ ಎಲ್ಲಿ ಬೇಕಾದರೂ ಸಿಗುತ್ತದೆ. ಇಂಥದ್ದೊಂದು ಸಂಘ ಒಬ್ಬ ಮಣ್ಣಿನ ಕೆಲಸದವಳಿಗೆ ಯಾಕೆ ಬೇಕು ಅನ್ನುವುದು ಬೇರೆ ಕಥೆ. ಅದಕ್ಕೆ ನಾನು ಹದಿನಾಲ್ಕು ವರ್ಷ ಹಿಂದೆ ಹೋಗಬೇಕು, ಏಳು ಒಡೆದ ಬೋಗುಣಿಗಳ ಹತ್ತಿರ.

ಆಗ ನಾನು ಸೆಲಡಾನ್ ಹಿಂದೆ ಬಿದ್ದಿದ್ದೆ. ತಿಳಿ ಹಸಿರು ಗ್ಲೇಜ್ ಅದು. ಪಾಕದಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣದ ಆಕ್ಸೈಡ್ ಇದ್ದರೆ ಸಾಕು. ಪಾತ್ರೆ ಸುಡುವ ಕುಲುಮೆ, ಕಿಲ್ನ್, ಅದರೊಳಗೆ ಗಾಳಿ ಕಡಿಮೆ ಮಾಡಿ, ಉರಿಗೆ ಆಮ್ಲಜನಕ ಸಾಲದ ಹಾಗೆ ಮಾಡಿದರೆ ಆ ಕಬ್ಬಿಣ ಹಸಿರಾಗುತ್ತದೆ. ಗಾಳಿ ಜಾಸ್ತಿಯಾದರೆ ಅದೇ ಪಾಕ ಹಳದಿ ತಿರುಗುತ್ತದೆ. ಅಷ್ಟು ಸೂಕ್ಷ್ಮ. ಆರು ತಿಂಗಳು ಪ್ರಯತ್ನಪಟ್ಟ ಮೇಲೆ ಒಂದು ಸಲ ನನಗೆ ಬೇಕಾದ ಹಸಿರು ಬಂತು. ಕಿಲ್ನ್‌ನ ಇಣುಕು ರಂಧ್ರದಿಂದ ಟಾರ್ಚ್ ಹಾಕಿ ನೋಡಿದೆ. ಒಳಗೆ ಹನ್ನೊಂದು ಬೋಗುಣಿ ನೀರಿನ ಹಾಗೆ ಹೊಳೆಯುತ್ತಿದ್ದವು. ಮನಸ್ಸು ತಡೆಯಲಿಲ್ಲ. ಮೀಟರ್ 260 ಡಿಗ್ರಿ ತೋರಿಸುತ್ತಿರುವಾಗಲೇ ಬಾಗಿಲನ್ನು ಒಂದು ಗೇಣು ತೆಗೆದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ "ಟಿಣ್" ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಾಗಿಲು ಮುಚ್ಚಿದ ಮೇಲೂ ಆ ಸದ್ದು ನಿಲ್ಲಲಿಲ್ಲ. ಬೆಳಗ್ಗೆ ತೆಗೆದು ನೋಡಿದರೆ ಏಳರಲ್ಲಿ ಬಿರುಕು. ಕೆಲವು ಕೈಗೆತ್ತಿಕೊಂಡ ಕೂಡಲೇ ಎರಡು ಹೋಳಾದವು.

ಬಾಗಿಲು ಬೇಗ ತೆಗೆದದ್ದೇ ಕಾರಣ ಅಂತ ಈಗ ಯಾರು ಬೇಕಾದರೂ ಹೇಳುತ್ತಾರೆ. ನನಗೆ ಆಗ ಅದು ಖಚಿತ ಇರಲಿಲ್ಲ. ಮಣ್ಣಿನಲ್ಲೇ ದೋಷವಾ, ಬೋಗುಣಿಯ ಗೋಡೆ ತೆಳುವಾಯಿತಾ, ಗ್ಲೇಜ್ ದಪ್ಪವಾಯಿತಾ, ಬೆಂಕಿ ಏರಿಸುವಾಗ ಅವಸರ ಮಾಡಿದೆನಾ, ಎಲ್ಲವೂ ಅನುಮಾನ. ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ನನಗೆ ಕಲಿಸಿದವರು ಈ ಥರದ ಪ್ರಶ್ನೆಗೆ "ಕೆಲವು ಸಲ ಹಾಗಾಗುತ್ತೆ" ಅಂತ ಉತ್ತರ ಕೊಡುತ್ತಿದ್ದರು. ಕೆಲವು ಸಲ ಹಾಗಾಗುತ್ತೆ ನಿಜ. ಯಾಕೆ ಹಾಗಾಗುತ್ತೆ ಅನ್ನುವುದು ನನಗೆ ಬೇಕಿತ್ತು.

ಒಂದು ಪ್ರದರ್ಶನದ ಕ್ಯಾಟಲಾಗ್‌ನಲ್ಲಿ ಸೆಲಡಾನ್ ಮಾಡುವ ಒಬ್ಬರ ಕೆಲಸ ನೋಡಿದ್ದೆ. ಅವರ ಹೆಸರಿನ ಕೆಳಗೆ ಅಕಾಡೆಮಿಯ ಸದಸ್ಯರು ಅಂತ ಇತ್ತು. ಪರಿಚಯ ಇಲ್ಲ, ಏನಿಲ್ಲ. ಧೈರ್ಯ ಮಾಡಿ ಒಂದು ಪತ್ರ ಬರೆದೆ. ಎರಡು ಪುಟ ಗೋಳು, ಆರು ಫೋಟೊ. ನಾಲ್ಕನೇ ದಿನಕ್ಕೆ ಉತ್ತರ ಬಂತು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ಬಿರುಕಿನ ಅಂಚಿನ ಮೇಲೆ ಬೆರಳು ಆಡಿಸಿ ನೋಡಿ. ಬ್ಲೇಡಿನ ಹಾಗೆ ಚೂಪಾಗಿದೆಯಾ, ಇಲ್ಲಾ ಗ್ಲೇಜ್ ಕರಗಿ ದುಂಡಗಾಗಿದೆಯಾ?"

ನಾನು ಬೆರಳು ಆಡಿಸಿದೆ. ಚರ್ಮ ಸೀಳಿತು. ಅಷ್ಟು ಚೂಪಿತ್ತು.

ಹಾಗಿದ್ದರೆ ಇದು ತಣಿಯುವಾಗ ಆದದ್ದು ಅಂತ ಬರೆದರು. ಬೆಂಕಿ ಏರುವಾಗಲೇ ಬಿರುಕು ಬಿಟ್ಟಿದ್ದರೆ, ಆಮೇಲೆ ಗ್ಲೇಜ್ ಕರಗಿ ಆ ಅಂಚನ್ನು ಸವರಿ ನುಣುಪು ಮಾಡುತ್ತಿತ್ತು. ಅಂಚು ಚೂಪಾಗಿದೆ ಅಂದರೆ ಒಡೆಯುವ ಹೊತ್ತಿಗೆ ಗ್ಲೇಜ್ ಗಾಜಾಗಿ ಗಟ್ಟಿಯಾಗಿತ್ತು. ಮಣ್ಣಿನಲ್ಲಿರುವ ಬೆಣಚುಕಲ್ಲಿನ (ಕ್ವಾರ್ಟ್ಜ್) ಕಣಗಳು 573 ಡಿಗ್ರಿಯಲ್ಲಿ ತಟ್ಟನೆ ಗಾತ್ರ ಬದಲಿಸುತ್ತವೆ. ಬಿಸಿಯೇರುವಾಗ ಹಿಗ್ಗುತ್ತವೆ, ತಣಿಯುವಾಗ ಕುಗ್ಗುತ್ತವೆ. ಹೆಚ್ಚು ಬಿಸಿಯಲ್ಲಿ ಸುಟ್ಟ ಮಣ್ಣಿನಲ್ಲಿ ಕ್ರಿಸ್ಟೊಬಲೈಟ್ ಅನ್ನುವ, ಅದೇ ವಸ್ತುವಿನ ಇನ್ನೊಂದು ರೂಪವೂ ಹುಟ್ಟಿರುತ್ತದೆ. ಅದು ಕುಗ್ಗುವುದು 220 ಡಿಗ್ರಿಯ ಆಸುಪಾಸಿನಲ್ಲಿ. ನಾನು ಬಾಗಿಲು ತೆಗೆದು ತಣ್ಣನೆ ಗಾಳಿ ನುಗ್ಗಿಸಿದ್ದು ಸರಿಯಾಗಿ ಅದರ ಹೊಸ್ತಿಲಲ್ಲಿ. ಬೋಗುಣಿಯ ಒಂದು ಮಗ್ಗುಲು ಕುಗ್ಗಿತು, ಇನ್ನೊಂದು ಮಗ್ಗುಲು ಇನ್ನೂ ಕುಗ್ಗಿರಲಿಲ್ಲ. ಆ ಎಳೆದಾಟಕ್ಕೆ ಸೀಳಿತು.

ಆ ಪತ್ರ ಇವತ್ತಿಗೂ ನನ್ನ ಹತ್ತಿರ ಇದೆ. ಅವತ್ತು ನನಗೆ ಸಿಕ್ಕಿದ್ದು ಬರೀ ಒಂದು ಕಾರಣ ಅಂದುಕೊಳ್ಳಬೇಡಿ. ಒಡೆದ ಚೂರು ಕೂಡ ಮಾತಾಡುತ್ತದೆ, ಅದನ್ನು ಬೆರಳಿನಿಂದ ಓದಬಹುದು ಅಂತ ಗೊತ್ತಾಯಿತು. ಮತ್ತೆ, ನನ್ನನ್ನು ಕಾಣದೇ ಇರುವ ಒಬ್ಬರು, ಇನ್ನೊಂದು ಖಂಡದಲ್ಲಿ ಕೂತು, ನನ್ನ ಬಿರುಕಿನ ಬಗ್ಗೆ ಯೋಚನೆ ಮಾಡಿದ್ದರು. ಈ ವಿದ್ಯೆಯಲ್ಲಿ ಗೆದ್ದದ್ದು ಕಪಾಟಿಗೆ ಹೋಗುತ್ತದೆ, ಸೋತದ್ದು ಹಿತ್ತಲಿಗೆ. ಹಿತ್ತಲಿನ ರಾಶಿಯನ್ನು ಜೊತೆಗೆ ಕೂತು ನೋಡುವವರು ಬೇಕು ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಆಗ.

ಮೊದಲು ಹೀಗೆ ಇರಲಿಲ್ಲ ಅನ್ನುವುದನ್ನು ನಾವು ಮರೆಯಬಾರದು. ಗುಟ್ಟು ಮುಚ್ಚಿಡುವುದೇ ಈ ಕಸುಬಿನ ಹಳೆಯ ರೂಢಿ. ಯುರೋಪಿನಲ್ಲಿ ಪೋರ್ಸಲೇನ್, ಅಂದರೆ ಬಿಳಿ ಪಿಂಗಾಣಿ, ಕಂಡುಹಿಡಿಯಲು ದುಡಿದ ಬೋಟ್ಗರ್‌ನನ್ನು ಜರ್ಮನಿಯ ಸ್ಯಾಕ್ಸನಿಯ ದೊರೆ ಕಾವಲಿನಲ್ಲಿ ಇಟ್ಟಿದ್ದ. ಚಿನ್ನ ಮಾಡುತ್ತೇನೆ ಅಂದವನ ಕೈಯಲ್ಲಿ ಕೊನೆಗೆ ಬಿಳಿ ಮಣ್ಣಿನ ವಿದ್ಯೆ ಸಿಕ್ಕಿತು. 1710ರಲ್ಲಿ ಮೈಸೆನ್‌ನ ಕೋಟೆಯೊಳಗೆ ಕಾರ್ಖಾನೆ ಶುರುವಾಯಿತು. ಕೋಟೆಯೊಳಗೆ ಯಾಕೆ? ಗುಟ್ಟು ಹೊರಗೆ ಹೋಗಬಾರದು ಅಂತ. ಆದರೂ ಹೋಯಿತು. ಹತ್ತು ವರ್ಷ ಕಳೆಯುವುದರೊಳಗೆ ಅಲ್ಲಿನ ಕೆಲಸಗಾರರ ಮೂಲಕ ವಿಯೆನ್ನಾ ಸೇರಿತ್ತು. ಅದೇ ಕಾಲದಲ್ಲಿ ಚೀನಾದ ಜಿಂಗ್‌ಡೆಜೆನ್‌ನಲ್ಲಿ ಇದ್ದ ಡಾಂತ್ರಕೋಲ್ ಅನ್ನುವ ಫ್ರೆಂಚ್ ಪಾದ್ರಿ 1712ರಲ್ಲಿ ಒಂದು, 1722ರಲ್ಲಿ ಇನ್ನೊಂದು ಪತ್ರ ಬರೆದು, ಅಲ್ಲಿನವರು ಪೋರ್ಸಲೇನ್ ಹೇಗೆ ಮಾಡುತ್ತಾರೆ ಅಂತ ವಿವರವಾಗಿ ತನ್ನ ಕಡೆಯವರಿಗೆ ತಿಳಿಸಿದ. ಅಷ್ಟು ದೊಡ್ಡ ಊರಿನ ತಲೆಮಾರುಗಳ ವಿದ್ಯೆ ಎರಡು ಪತ್ರದಲ್ಲಿ ಸಮುದ್ರ ದಾಟಿತು.

ಇವರೆಲ್ಲರಿಗಿಂತ ನನಗೆ ಹತ್ತಿರ ಅನ್ನಿಸುವುದು ಹದಿನಾರನೇ ಶತಮಾನದ ಬರ್ನಾರ್ ಪಾಲಿಸಿ. ಬಿಳಿ ಗ್ಲೇಜ್‌ಗಾಗಿ ವರ್ಷಗಟ್ಟಲೆ ಒಬ್ಬನೇ ಒದ್ದಾಡಿದವನು. ಒಂದು ಸಲ ಕಟ್ಟಿಗೆ ಮುಗಿದು, ಗ್ಲೇಜ್ ಇನ್ನೂ ಕರಗದೆ, ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಕಿತ್ತು ಒಲೆಗೆ ಹಾಕಿದೆ ಅಂತ ಅವನೇ ಬರೆದುಕೊಂಡಿದ್ದಾನೆ. ಜನ ಇದನ್ನು ಛಲದ ಕಥೆ ಅಂತ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಒಂಟಿತನ. ಸುತ್ತಮುತ್ತ ಬಿಳಿ ಗ್ಲೇಜ್ ಗೊತ್ತಿದ್ದ ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಆ ಮನೆಯ ನೆಲ ಉಳಿಯುತ್ತಿತ್ತು, ಅಲ್ವಾ?

ಈಗ ಗ್ಲೇಜ್ ಪಾಕ ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ಕೊಟ್ಟ ಪಾಕ ಹಾಗೇ ಬರುವುದಿಲ್ಲ ಅನ್ನುವುದು ಬೇರೆ ಮಾತು. ಪಾಕದಲ್ಲಿ ಫೆಲ್ಡ್‌ಸ್ಪಾರ್ ಅಂತ ಒಂದು ಕಲ್ಲಿನ ಪುಡಿ ಇರುತ್ತದೆ. ಅವರ ಫೆಲ್ಡ್‌ಸ್ಪಾರ್‌ನಲ್ಲಿ ಪೊಟ್ಯಾಸಿಯಂ ಜಾಸ್ತಿ, ನನ್ನದರಲ್ಲಿ ಸೋಡಿಯಂ ಜಾಸ್ತಿ. ಹೆಸರು ಒಂದೇ, ಕಲ್ಲು ಬೇರೆ. ನನ್ನ ಪತ್ರದ ಗೆಳೆಯರು ಕೊಟ್ಟ ಸೆಲಡಾನ್ ನನ್ನ ಕಿಲ್ನ್‌ನಲ್ಲಿ ತುಂಬ ಹರಿದು ಬುಡದಲ್ಲಿ ಶೇಖರವಾಯಿತು. ಮತ್ತೆ ಪತ್ರ, ಮತ್ತೆ ಲೆಕ್ಕ. ಸಿಲಿಕಾ ಸ್ವಲ್ಪ ಏರಿಸಿ, ಸುಣ್ಣ ಇಳಿಸಿ, ಹದಿನೆಂಟು ಪರೀಕ್ಷೆಯ ಬಿಲ್ಲೆಗಳನ್ನು ಸುಟ್ಟ ಮೇಲೆ ಹನ್ನೆರಡನೆಯದು ಸರಿ ಬಂತು. ಅದು ಅವರದ್ದಕ್ಕಿಂತ ಸ್ವಲ್ಪ ನೀಲಿ. ಅವರಿಗೆ ಆ ಬಿಲ್ಲೆಯನ್ನು ಅಂಚೆಯಲ್ಲಿ ಕಳಿಸಿದೆ. ಕಿಟಕಿಯ ಹತ್ತಿರ ಇಟ್ಟುಕೊಂಡಿದ್ದೇನೆ ಅಂತ ಬರೆದಿದ್ದರು.

ಈ ಎಲ್ಲ ಮಾತುಕತೆ ಸಾಧ್ಯ ಆಗುವುದಕ್ಕೂ ಒಂದು ಸಾಮಾನ್ಯ ಭಾಷೆ ಬೇಕು. ನಮಗೆ ಅದು ಕೋನ್. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ಮಾಡಿಕೊಟ್ಟ ಉಪಾಯ. ಒಂದು ಗೊತ್ತಾದ ಬಿಸಿಗೆ ಮೆತ್ತಗಾಗಿ ಬಾಗುವ ಸಣ್ಣ ಗೋಪುರ. ಮೀಟರ್ ಬರೀ ಡಿಗ್ರಿ ಹೇಳುತ್ತದೆ. ಕೋನ್ ಹೇಳುವುದು ಬಿಸಿ ಮತ್ತು ಸಮಯ ಎರಡೂ ಸೇರಿ ಮಣ್ಣಿನ ಮೇಲೆ ಎಷ್ಟು ಕೆಲಸ ಮಾಡಿವೆ ಅನ್ನುವುದನ್ನು. ಆಮ್ಲಜನಕ ಸಾಲದ ಉರಿಗೆ ರಿಡಕ್ಷನ್ ಅನ್ನುತ್ತೇವೆ. "ಕೋನ್ ಹತ್ತು, ರಿಡಕ್ಷನ್" ಅಂದರೆ ಎಲ್ಲಿಯ ಕುಂಬಾರರಿಗೂ ಅರ್ಥವಾಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು, ಏಕೆಂದರೆ ಅದು ನನ್ನ ಶ್ವಾಸಕೋಶದ ವಿಷಯ. ಮೊದಲ ಐದು ವರ್ಷ ನಾನು ಸ್ಟುಡಿಯೊ ನೆಲವನ್ನು ದಿನಾ ಪೊರಕೆಯಲ್ಲಿ ಗುಡಿಸುತ್ತಿದ್ದೆ. ಶುಚಿಯಾಗಿರಲಿ ಅಂತ. ಒಣ ಮಣ್ಣಿನ ಧೂಳಿನಲ್ಲಿ ಕಣ್ಣಿಗೆ ಕಾಣದ ಸಿಲಿಕಾ ಇರುತ್ತದೆ. ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ, ಎದೆಯೊಳಗೆ ಹೋದರೆ ಹೊರಗೆ ಬರುವುದಿಲ್ಲ. ವರ್ಷಗಳ ಮೇಲೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಆಗಬಹುದು. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಗ್ಲೇಜ್ ಪುಡಿ ಕಲಸುವಾಗ ಮಾಸ್ಕ್ ಹಾಕಿ ಅಂತ ನನಗೆ ಮೊದಲು ಹೇಳಿದವರು ಒಂದು ಕಾರ್ಯಾಗಾರದಲ್ಲಿ ಪಕ್ಕದಲ್ಲಿ ಕೂತಿದ್ದ ಕಲಾವಿದೆ. ಇಂಥ ಮಾತು ಒಬ್ಬರಿಂದ ಒಬ್ಬರಿಗೆ ಹೋಗಬೇಕು ಅಂದರೆ ಜನ ಒಂದು ಕಡೆ ಸೇರಬೇಕು.

1952 ಅನ್ನುವ ವರ್ಷದ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಯುದ್ಧ ಮುಗಿದು ಏಳೇ ವರ್ಷ. ಮಣ್ಣಿನ ಪಾತ್ರೆಯ ಊರು ಅಂತಲೇ ಹೆಸರಾದ ಇಟಲಿಯ ಫಾಯೆಂಜಾದಲ್ಲಿ ಗೈತಾನೊ ಬಲ್ಲಾರ್ದಿನಿ 1908ರಲ್ಲಿ ಒಂದು ಸೆರಾಮಿಕ್ ಮ್ಯೂಸಿಯಂ ಕಟ್ಟಿದ್ದರು. 1944ರ ಮೇ ತಿಂಗಳಲ್ಲಿ ಅದರ ಮೇಲೆ ಬಾಂಬ್ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವಲ್ಲ, ಹಾಗೆ. ಮೂವತ್ತಾರು ವರ್ಷ ಕೂಡಿಸಿಟ್ಟದ್ದು ಚೂರುಚೂರಾಯಿತು. ಬಲ್ಲಾರ್ದಿನಿ ಕೈಚೆಲ್ಲಲಿಲ್ಲ. ಮತ್ತೆ ಕೇಳಿದರು. ಬೇರೆ ಬೇರೆ ದೇಶದ ಕಲಾವಿದರು, ಮ್ಯೂಸಿಯಂಗಳು ತಮ್ಮ ಕೆಲಸ ಕಳಿಸಿಕೊಟ್ಟರು. ಆಗ ಫ್ರಾನ್ಸಿನ ವಲೋರಿಸ್‌ನಲ್ಲಿ ಮಣ್ಣಿನ ಕೆಲಸ ಮಾಡುತ್ತಿದ್ದ ಪಿಕಾಸೊ ಕೂಡ ಕಳಿಸಿದ. ಮ್ಯೂಸಿಯಂ ಎದ್ದು ನಿಂತಿತು.

1952ರ ಜುಲೈನಲ್ಲೇ ಇಂಗ್ಲೆಂಡಿನ ಡಾರ್ಟಿಂಗ್‌ಟನ್‌ನಲ್ಲಿ ಕುಂಬಾರರೂ ನೇಕಾರರೂ ಸೇರಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ಮಾಡಿದರು. ಇಂಗ್ಲೆಂಡಿನ ಹೆಸರಾಂತ ಕುಂಬಾರ ಬರ್ನಾರ್ಡ್ ಲೀಚ್ ಇದ್ದರು. ಜಪಾನಿನಿಂದ ಕುಂಬಾರ ಹಮಾದಾ ಶೋಜಿ, ಜನಪದ ಕರಕುಶಲದ ಚಿಂತಕ ಯನಗಿ ಸೋಯೆತ್ಸು ಬಂದಿದ್ದರು. ಕೆಲವೇ ವರ್ಷ ಹಿಂದೆ ಶತ್ರುಗಳಾಗಿದ್ದ ದೇಶಗಳ ಜನ. ಲೀಚ್ ಮತ್ತು ಹಮಾದಾ 1920ರಲ್ಲೇ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಜೊತೆಯಾಗಿ ಕಿಲ್ನ್ ಕಟ್ಟಿದವರು. ನಡುವೆ ಯುದ್ಧ ಬಂದು ಹೋಯಿತು. ಮತ್ತೆ ಎದುರುಬದುರು ನಿಂತಾಗ ಅವರು ಏನು ಮಾತಾಡಿರಬಹುದು? ಮಣ್ಣು, ಬೂದಿ, ಬೆಂಕಿಯ ವಿಷಯವನ್ನೇ ಮಾತಾಡಿರುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಜಿನೀವಾದಲ್ಲಿ ರೇನೋ ಅಕಾಡೆಮಿ ಕಟ್ಟಿದ್ದೂ ಅದೇ ವರ್ಷ, ಅದೇ ಗಾಳಿಯಲ್ಲಿ.

ಅರಿಯಾನಾ ಮ್ಯೂಸಿಯಂಗೆ ನಾನು ಒಂದು ಸಲ ಹೋಗಿದ್ದೇನೆ. ಬೇರೆ ಕೆಲಸಕ್ಕೆ ಆ ಕಡೆ ಹೋದವಳು ಒಂದು ದಿನ ಉಳಿಸಿಕೊಂಡು ಹೋದೆ. ವಿಶ್ವಸಂಸ್ಥೆಯ ದೊಡ್ಡ ಕಟ್ಟಡದ ಪಕ್ಕದಲ್ಲೇ ಇದೆ. ಗುಸ್ತಾವ್ ರೆವಿಲ್ಯೋ ಅನ್ನುವ ಸಿರಿವಂತರು ತಮ್ಮ ಸಂಗ್ರಹ ಇಡಲು 1877ರಿಂದ 1884ರವರೆಗೆ ಕಟ್ಟಿಸಿದ್ದು. ತಾಯಿ ಅರಿಯಾನ್ ಹೆಸರನ್ನೇ ಇಟ್ಟರು. ಸಾಯುವಾಗ ಎಲ್ಲವನ್ನೂ ನಗರಕ್ಕೆ ಬಿಟ್ಟುಹೋದರು. ಒಳಗೆ ಅಂಡಾಕಾರದ ಎತ್ತರದ ಹಜಾರ, ತಿರುಚಿದ ಕಂಬಗಳು. ಆದರೆ ನಾನು ಹೆಚ್ಚು ಹೊತ್ತು ಇದ್ದದ್ದು ನೆಲದ ಮೇಲೆ. ಗಾಜಿನ ಪೆಟ್ಟಿಗೆಗಳ ಮುಂದೆ ಮೊಣಕಾಲೂರಿ, ತಲೆ ವಾಲಿಸಿ, ಪಾತ್ರೆಗಳ ತಳ ಕಾಣುತ್ತದಾ ಅಂತ ನೋಡುತ್ತಿದ್ದೆ. ಕಾವಲಿನವರು ಏನಾದರೂ ಬಿದ್ದುಹೋಯಿತಾ ಅಂತ ಕೇಳಿದರು.

ತಳ ನೋಡುವುದು ನಮ್ಮವರ ಅಭ್ಯಾಸ. ಒಂದು ಬೋಗುಣಿಯನ್ನು ಯಾರ ಕೈಗಾದರೂ ಕೊಟ್ಟು ನೋಡಿ. ಮಣ್ಣಿನ ಕೆಲಸ ಮಾಡುವವರು ಬಣ್ಣ ನೋಡುವ ಮೊದಲು ಅದನ್ನು ಬೋರಲು ಹಾಕುತ್ತಾರೆ. ಗ್ಲೇಜ್ ಕರಗಿ ಕಿಲ್ನ್ ಒಳಗಿನ ಹಲಗೆಗೆ ಅಂಟಿಕೊಳ್ಳಬಾರದು ಅಂತ ತಳದ ಉಂಗುರವನ್ನು ಬರಿದಾಗಿ ಬಿಟ್ಟಿರುತ್ತೇವೆ. ಮಣ್ಣು ಮುಚ್ಚುಮರೆ ಇಲ್ಲದೆ ಕಾಣುವುದು ಅಲ್ಲಿ ಮಾತ್ರ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹನ್ನೆರಡು ವರ್ಷ ಹಿಂದೆ ಒಂದು ಸೌದೆ ಕಿಲ್ನ್ ಶಿಬಿರದಲ್ಲಿ ಎಪ್ಪತ್ತು ದಾಟಿದ ಒಬ್ಬ ಕಲಾವಿದೆ ಬಂದಿದ್ದರು. ಅಕಾಡೆಮಿಯ ಹಳೆಯ ಸದಸ್ಯೆ. ಎಲ್ಲರೂ ತಂದ ಕೆಲಸವನ್ನು ಒಂದು ಹಲಗೆಯ ಮೇಲೆ ಇಟ್ಟಿದ್ದೆವು. ಅವರು ನನ್ನ ಬೋಗುಣಿ ಎತ್ತಿಕೊಂಡರು. ಬೋರಲು ಹಾಕಿದರು. ಹೆಬ್ಬೆರಳನ್ನು ಉಂಗುರದ ಒಳಗೆ ಇಟ್ಟು ನಿಧಾನವಾಗಿ ಒಂದು ಸುತ್ತು ತಂದರು. ಆಮೇಲೆ ಕಣ್ಣಿನ ಹತ್ತಿರ ಹಿಡಿದರು.

"ನಿಮ್ಮ ತಿಗರಿ ಬಲಕ್ಕೆ ಸುತ್ತುತ್ತಾ? ಎಡಗೈಯವರಾ ನೀವು?"

ಹೌದು ಅಂದೆ. ತಳದಲ್ಲಿ ಉಳಿದ ಸುರುಳಿ ಗೆರೆಯ ದಿಕ್ಕು ನೋಡಿ ಹೇಳಿದ್ದರು. ನಾನು ಎಡಗೈಯವಳು, ತಿಗರಿಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತೇನೆ. ಹನ್ನೊಂದು ವರ್ಷದಲ್ಲಿ ಯಾರೂ ಅದನ್ನು ನನ್ನ ಪಾತ್ರೆಯಲ್ಲಿ ಕಂಡಿರಲಿಲ್ಲ.

"ಟ್ರಿಮ್ ಮಾಡುವಾಗ ಮಣ್ಣು ಸ್ವಲ್ಪ ಜಾಸ್ತಿ ಒಣಗಿತ್ತು."

ಅದೂ ನಿಜ. ಟ್ರಿಮ್ ಅಂದರೆ ಅರೆ ಒಣಗಿದ ಪಾತ್ರೆಯ ತಳವನ್ನು ಉಳಿಯಿಂದ ಕೆತ್ತಿ ಸರಿ ಮಾಡುವುದು. ಉಂಗುರದ ಪಕ್ಕದಲ್ಲಿ ಸಣ್ಣ ಸಣ್ಣ ಅಲೆಗಳ ಹಾಗೆ ಗುರುತು ಇದ್ದವು. ಮಣ್ಣು ಗಟ್ಟಿಯಾಗಿಬಿಟ್ಟರೆ ಉಳಿ ಜಾರದೆ ತಟತಟ ಕುಣಿಯುತ್ತದೆ, ಆ ಗುರುತು ಅದು. ಆ ಬೋಗುಣಿಯನ್ನು ಬಟ್ಟೆಯಿಂದ ಮುಚ್ಚಲು ಮರೆತು ಮಲಗಿದ್ದೆ. ಬೆಳಗ್ಗೆ ಎದ್ದವಳು ಇರಲಿ ಅಂತ ಹಾಗೇ ಟ್ರಿಮ್ ಮಾಡಿದ್ದೆ. ಒಂದು ರಾತ್ರಿಯ ಮರೆವು ಅವರ ಹೆಬ್ಬೆರಳಿಗೆ ಸಿಕ್ಕಿತ್ತು.

ಆಮೇಲೆ ಗ್ಲೇಜ್ ಮುಗಿಯುವ ಗೆರೆಯ ಹತ್ತಿರ ಮೂರು ಸಣ್ಣ ಬರಿ ಜಾಗ ತೋರಿಸಿದರು. ಗ್ಲೇಜ್‌ನಲ್ಲಿ ಅದ್ದುವಾಗ ನನ್ನ ಬೆರಳು ಹಿಡಿದಿದ್ದ ಜಾಗ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆ ಜಾಗದಲ್ಲಿ ಮಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನಾನು ಅದನ್ನು ತಪ್ಪು ಅಂದುಕೊಂಡು ಮುಂದಿನ ಸಲ ಇಕ್ಕಳದಿಂದ ಹಿಡಿಯಬೇಕು ಅಂತಿದ್ದೆ. ಅವರು ತಮ್ಮ ಮೂರು ಬೆರಳನ್ನು ಆ ಮೂರು ಗುರುತಿನ ಮೇಲೆ ಇಟ್ಟರು. ಸರಿಯಾಗಿ ಕೂತವು. "ಇದನ್ನು ಬಿಡಬೇಡಿ" ಅಂದರು. ಅಷ್ಟೇ. ಮುಂದಿನ ಬೋಗುಣಿಗೆ ಹೋದರು.

ನನ್ನ ಕೆಲಸವನ್ನು ಮೆಚ್ಚಿದವರು ಅದಕ್ಕೂ ಮುಂಚೆ ಬೇಕಾದಷ್ಟು ಜನ ಇದ್ದರು. ಚೆನ್ನಾಗಿದೆ ಅನ್ನುತ್ತಿದ್ದರು, ಮನಸ್ಸಿನಿಂದಲೇ ಅನ್ನುತ್ತಿದ್ದರು. ಆದರೆ ಓದಿದವರು ಅವರೇ ಮೊದಲು. ಅಕಾಡೆಮಿ ಸೇರುವ ಆಸೆ ಹುಟ್ಟಿದ್ದು ಆ ಹಲಗೆಯ ಮುಂದೆ ನಿಂತಾಗ.

ಅದಕ್ಕೇ ನಿನ್ನೆಯ ಫೋಟೊ ಕೆಲಸ ನನಗೆ ಇಷ್ಟು ಕಷ್ಟ ಕೊಟ್ಟಿದ್ದು. ಅರ್ಜಿ ನೋಡುವವರ ಕೈಗೆ ನನ್ನ ಬೋಗುಣಿ ಹೋಗುವುದಿಲ್ಲ, ಚಿತ್ರ ಹೋಗುತ್ತದೆ. ಚಿತ್ರಕ್ಕೆ ತೂಕ ಇಲ್ಲ. ನೋಡಲು ದಪ್ಪ ಕಾಣುವ ಬೋಗುಣಿ ಕೈಗೆತ್ತಿಕೊಂಡರೆ ಹಗುರ ಇರುತ್ತದೆ, ಆ ಅಚ್ಚರಿಗೋಸ್ಕರ ನಾನು ವರ್ಷಗಟ್ಟಲೆ ದುಡಿದಿದ್ದೇನೆ. ಅದು ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಚಿತ್ರದ ಮೂಲಕ ಆಯ್ಕೆ ಮಾಡುವ ಕಡೆಯಲ್ಲೆಲ್ಲ ಆಳೆತ್ತರದ ಶಿಲ್ಪಕ್ಕೆ ಸಿಗುವ ಅನುಕೂಲ ಅಂಗೈಯಗಲದ ಬಟ್ಟಲಿಗೆ ಸಿಗುವುದಿಲ್ಲ. ಇದಕ್ಕೆ ಬೇರೆ ದಾರಿ ನನಗೂ ಹೊಳೆಯುತ್ತಿಲ್ಲ. ಇಷ್ಟು ದೇಶಗಳಿಂದ ಪಾತ್ರೆಗಳನ್ನೇ ತರಿಸಿಕೊಂಡು ನೋಡಲು ಆಗುವುದಿಲ್ಲ. ಆದರೂ ಬಳಸುವ ಪಾತ್ರೆ ಮಾಡುವವರು ಇಂಥ ಸಂಘಗಳಲ್ಲಿ ಜಾಸ್ತಿ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಶಿಲ್ಪ ಮಾಡುವವರ ಮೇಲೆ ನನಗೆ ಗೌರವ ಇದೆ. ಆದರೆ ದಿನಾ ಯಾರದೋ ತುಟಿಗೆ ತಾಗುವ ಅಂಚನ್ನು ಸರಿ ಮಾಡುವುದು ಸಣ್ಣ ವಿದ್ಯೆ ಅಂತ ಯಾರೂ ಅಂದುಕೊಳ್ಳಬಾರದು.

ಸಮ್ಮೇಳನಕ್ಕೆ ಹೋಗಿಬರುವ ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ, ಅದೂ ನಿಜ. ಭಾಷೆಯ ಅಡ್ಡಿಯೂ ಇದೆ. ನನ್ನ ಕೆಲಸದ ಬಗ್ಗೆ ಒಂದು ಪುಟ ಬರೆಯಲು ನನಗೆ ಮೂರು ವಾರ ಹಿಡಿಯಿತು. ಮೊದಲು ದೊಡ್ಡ ದೊಡ್ಡ ಪದ ಹಾಕಿ ಬರೆದೆ. ಓದಿದರೆ ಯಾರದೋ ಮಾತಿನ ಹಾಗಿತ್ತು. ಅಳಿಸಿದೆ. ಕನ್ನಡದಲ್ಲಿ ಬರೆದುಕೊಂಡೆ, ಆಮೇಲೆ ಇಂಗ್ಲಿಷಿಗೆ ತಂದೆ. ಈಗ ಅದು ಹೀಗೆ ಶುರುವಾಗುತ್ತದೆ: ನಾನು ಬೋಗುಣಿ ಮಾಡುತ್ತೇನೆ. ಎಡಗೈಯಿಂದ ಮಾಡುತ್ತೇನೆ.

ಇವತ್ತು ಬೆಳಗ್ಗೆ ನಾನೂರು ಚಿತ್ರಗಳನ್ನು ಮತ್ತೆ ನೋಡಿದೆ. ಎಲ್ಲವೂ ಅಂದವಾಗಿದ್ದವು. ಬೆಳಕು ಸರಿಯಾಗಿತ್ತು, ಹಸಿರು ಹಸಿರಾಗಿಯೇ ಬಂದಿತ್ತು. ಏನೋ ಕಡಿಮೆ ಅನ್ನಿಸುತ್ತಿತ್ತು. ಮಧ್ಯಾಹ್ನ ಕಾಗದವನ್ನು ಮತ್ತೆ ಇಳಿಬಿಟ್ಟು, ಅತಿ ಸಣ್ಣ ಬೋಗುಣಿಯನ್ನು ತಂದು ಬೋರಲು ಹಾಕಿದೆ. ಉಂಗುರ, ಸುರುಳಿ ಗೆರೆ, ಕಿತ್ತಳೆ ಬಣ್ಣದ ಮೂರು ಬೆರಳಿನ ಗುರುತು. ಒಂದೇ ಸಲ ಕ್ಲಿಕ್ ಮಾಡಿದೆ. ಅದನ್ನು ಕೊನೆಯ ಚಿತ್ರವಾಗಿ ಸೇರಿಸಿದೆ.

ಈಗ ಸಂಜೆ. ಪಕ್ಕದ ಕೋಣೆಯಲ್ಲಿ ಕಿಲ್ನ್ ತಣಿಯುತ್ತಿದೆ. ಮೀಟರ್ 240 ತೋರಿಸುತ್ತಿದೆ. ಬಾಗಿಲು ನಾಳೆ ಬೆಳಗ್ಗೆ ತೆಗೆಯುತ್ತೇನೆ.